ಗೋಡೆ ಹಿಂದಿನ ದತ್ತೂರಿ

ಜೂನ್ 4

ಮಾಮನಿಗೆ ನಮಸ್ಕಾರ.

ನಾನು ನಿಧಾನಿಯ ಮಗಳು. ಡಿಪೋದವರು ಇಟ್ಟ ಹೆಸರು ಬರೆದರೆ ನಿಮಗೆ ಬೇಗ ಗುರುತು ಹತ್ತುತ್ತದೆ ಅಂತ ಹಾಗೆ ಬರೆದೆ. ಅಪ್ಪನಿಗೆ ಹೇಳಬೇಡಿ. ನೀವು ನಮ್ಮ ಮನೆಗೆ ಬಂದು ಎಂಟು ವರ್ಷವಾಯಿತು. ಆಗ ನಾನು ಸೈಕಲ್ಲನ್ನೂ ನೆಟ್ಟಗೆ ಓಡಿಸುತ್ತಿರಲಿಲ್ಲ.

ಈಗ ಬಸ್ ಓಡಿಸುತ್ತೇನೆ. ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಇನ್ನೂರ ಹತ್ತು ಜನರಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಒಂದು ಕಂಬವನ್ನೂ ತಾಗಿಸದವರು ನಾಲ್ಕೇ ಜನ, ಅವರಲ್ಲಿ ನಾನೊಬ್ಬಳು. ಇನ್ನು ಉಳಿದಿರುವುದು ಕಣ್ಣಿನ ಪರೀಕ್ಷೆ. ಆಗಸ್ಟ್ 20ಕ್ಕೆ. ಅದರ ಫಾರಂನಲ್ಲಿ ಒಂದು ಸಾಲು ಇದೆ: ತಂದೆತಾಯಿಗೆ ಕಣ್ಣಿನ ನರದ ರೋಗವಿದೆಯೇ. ಇಲ್ಲ ಎಂದು ಬರೆದು ಅಪ್ಪ ಸಹಿ ಹಾಕಬೇಕು. ಅಪ್ಪ ಜಪ್ಪಯ್ಯ ಅಂದರೂ ಹಾಕುತ್ತಿಲ್ಲ. "ಇದೆಯಲ್ಲ, ಇಲ್ಲ ಅಂತ ಹೇಗಮ್ಮ ಬರೀಲಿ?" ಅನ್ನುತ್ತಾರೆ. ಫಾರಂ ಪೆಟ್ಟಿಗೆಯೊಳಗಿದೆ, ಬೀಗದ ಕೈ ಅವರ ಸೊಂಟದಲ್ಲಿದೆ.

ಇಪ್ಪತ್ತಾರು ವರ್ಷದ ಹಿಂದೆ ಅವರ ಬಲಗಣ್ಣಿಗೆ ಏನೋ ಆಗಿ ನಾಲ್ಕೈದು ದಿನದಲ್ಲಿ ಸರಿಹೋಯಿತಂತೆ. ಆಮೇಲೆ ಒಂದು ದಿನವೂ ಬಂದಿಲ್ಲ. ಇದೂ ಒಂದು ರೋಗವೇ ಮಾಮ? ಅಪ್ಪ ಪ್ರಪಂಚದಲ್ಲಿ ಮಾತು ಕೇಳುವುದು ನಿಮ್ಮೊಬ್ಬರದೇ. ವರ್ಕ್‌ಶಾಪಿನ ಸದ್ದಿಗೆ ಅವರ ಕಿವಿ ಅರ್ಧ ಹೋಗಿದೆ, ಫೋನಿನಲ್ಲಿ ಹೇಳಿದರೆ ಆಗುವುದಿಲ್ಲ. ಒಂದು ಕಾಗದ ಬರೆಯಿರಿ. ಅವರ ಕಣ್ಣು ಚೆನ್ನಾಗಿತ್ತು ಅಂತ ನೀವು ಬರೆದರೆ ಸಾಕು.

ಅತ್ತೆಗೆ ನಮಸ್ಕಾರ ಹೇಳಿ.

ನಿಮ್ಮ ಸೊಸೆಯಂಥವಳು


ಜೂನ್ 15

ಮಗಳೇ,

ನಿನ್ನ ಕಾಗದವನ್ನು ನಿಮ್ಮತ್ತೆ ಎರಡು ಸಲ ಗಟ್ಟಿಯಾಗಿ ಓದಿಸಿಕೊಂಡಳು. "ನೋಡಿದ್ರಾ, ಓಡಿಸೋದು ಅಂದ್ರೆ ಹೀಗೆ. ನೀವು ರಿಟೈರಾಗೋ ತಿಂಗಳು ಡಿಪೋ ಗೇಟಿನ ಕಂಬಾನೇ ಮಲಗಿಸಿದ್ರಿ" ಅಂದಳು. ಆ ಕಂಬ ಮೊದಲೇ ವಾಲಿತ್ತು. ಅದನ್ನು ಯಾರೂ ನಂಬುವುದಿಲ್ಲ, ನಾನೂ ಹೇಳುವುದು ಬಿಟ್ಟಿದ್ದೇನೆ.

ನಿನ್ನ ಬಗ್ಗೆ ಹೆಮ್ಮೆಯಾಯಿತು. ಆದರೆ ಅಪ್ಪ ಮಗಳ ನಡುವೆ ಮೂರನೆಯವನು ತಲೆ ಹಾಕುವುದು ಸರಿಯಲ್ಲ. ನಿಮ್ಮಪ್ಪ ಯೋಚನೆ ಮಾಡದೆ ಒಂದು ಬೋಲ್ಟನ್ನೂ ತಿರುಗಿಸಿದವನಲ್ಲ. ಬೇಡ ಅಂದಿದ್ದಾನೆ ಅಂದರೆ ಏನೋ ಕಾರಣ ಇರುತ್ತದೆ. ಡ್ರೈವರ್ ಕೆಲಸವೇ ಆಗಬೇಕೇ? ಅದೇ ಡಿಪೋದಲ್ಲಿ ಕಂಡಕ್ಟರ್ ಇದೆ, ಟಿಕೆಟ್ ಕೌಂಟರ್ ಇದೆ. ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸ. ಸೊಂಟನೋವೂ ಇರುವುದಿಲ್ಲ.

ಅವನು ನನ್ನ ಮಾತು ಕೇಳುತ್ತಾನೆ ಅಂತ ಬರೆದಿದ್ದೀಯ. ಹಾಗೇನೂ ಇಲ್ಲಮ್ಮ.

ಆಶೀರ್ವಾದಗಳು.

ನಿನ್ನ ಮಾಮ


ಜೂನ್ 30

ಗಡಿಬಿಡಿ,

ಮಗಳು ನಿನಗೆ ಬರೆದಿದ್ದಳು ಅಂತ ಗೊತ್ತಾದದ್ದು ನಿನ್ನ ಉತ್ತರ ಬಂದ ಮೇಲೆ. ಅದನ್ನು ತಂದು ನನ್ನ ಊಟದ ತಟ್ಟೆಯ ಪಕ್ಕ ಕುಕ್ಕಿ, "ತಗೊಳ್ಳಿ, ನಿಮ್ಮ ಗೆಳೆಯರೂ ನಿಮ್ಮ ಥರಾನೇ" ಅಂದಳು. ಮೂರು ದಿನದಿಂದ ಮಾತಿಲ್ಲ. ನೀರು ಬೇಕಾದರೂ ಅವರಮ್ಮನ ಮೂಲಕ ಕೇಳುತ್ತಾಳೆ.

ನೀನು ಅವಳ ಕಡೆ ವಾಲದೇ ಇದ್ದದ್ದಕ್ಕೆ ಉಪಕಾರವಾಯಿತು. ನೀನಾದರೂ ನನ್ನ ಪರವಾಗಿ ನಿಂತೆ. ಅವಳು ಚೆನ್ನಾಗಿ ಓಡಿಸುತ್ತಾಳೆ. ಕದ್ದು ಹೋಗಿ ಟ್ರೈನಿಂಗ್ ಮೈದಾನದ ಬೇಲಿಯ ಹಿಂದೆ ನಿಂತು ನೋಡಿ ಬಂದೆ. ಗೇರ್ ಹಾಕಿದ್ದು ಗೊತ್ತೇ ಆಗುವುದಿಲ್ಲ. ಅದಕ್ಕೇ ಹೆದರಿಕೆ. ಚೆನ್ನಾಗಿ ಓಡಿಸುತ್ತಿದ್ದ ನನ್ನ ಕಣ್ಣಲ್ಲೇ ತಾನೇ ಅದು ಬಂದದ್ದು?

ಅವಳಿಗೆ ಮೂರು ವರ್ಷ ಆದಾಗಿನಿಂದ ಪ್ರತಿ ಭಾನುವಾರ ಕಣ್ಣಿಗೆ ಟಾರ್ಚ್ ಬಿಟ್ಟು ನೋಡುತ್ತೇನೆ. ಎರಡೂ ಪಾಪೆ ಒಂದೇ ಸಮ ಚಿಕ್ಕದಾದರೆ ಆ ವಾರಕ್ಕೆ ಉಸಿರು ಬಿಡುತ್ತೇನೆ. ಇನ್ನೊಂದು ಮಾತು, ನಿನಗೂ ಹೇಳಿರಲಿಲ್ಲ. ಇವಳು ಇನ್ನೊಂದು ಮಗು ಬೇಕು ಅಂತ ಬಹಳ ಕೇಳಿಕೊಂಡಳು. ನಾನೇ ಬೇಡ ಅಂದೆ. ಒಂದು ಮಗುವಿನ ಕಣ್ಣಿಗೆ ಹೆದರುವುದೇ ಸಾಕಾಗಿತ್ತು.

ಕಣ್ಣಿನ ಪರೀಕ್ಷೆಯಲ್ಲಿ ಅನ್‌ಫಿಟ್ ಆದ ಮೇಲೆ, ಆರು ತಿಂಗಳು ಬಿಟ್ಟು ಮತ್ತೆ ಹೋಗಲೇ ಅಂತ ನಿನ್ನನ್ನು ಕೇಳಿದ್ದೆನಲ್ಲ, ಆಗ ನೀನು ಹೇಳಿದ ಮಾತು ಇವತ್ತಿಗೂ ನೆನೆಯುತ್ತೇನೆ. ನೀನು ತಡೆಯದಿದ್ದರೆ ಸ್ಟೇರಿಂಗ್ ಹಿಡಿದು ಯಾವ ತಿರುವಿನಲ್ಲಿ ಯಾರ ಮಕ್ಕಳನ್ನು ಕೊಲ್ಲುತ್ತಿದ್ದೆನೋ. ಸ್ಟೋರಿನಲ್ಲಿ ನಟ್ಟು ಬೋಲ್ಟು ಕೊಟ್ಟುಕೊಂಡು ಕಾಲ ಕಳೆದೆ, ಯಾರ ಶಾಪವೂ ತಗುಲಲಿಲ್ಲ.

ಅತ್ತಿಗೆಯ ಮಂಡಿನೋವು ಹೇಗಿದೆ?

ನಿನ್ನ
ನಿಧಾನಿ


ಜುಲೈ 16

ನಿಧಾನಿ,

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ನಾಲ್ಕು ಸಲ ಬರೆದು ಹರಿದೆ. ನಿಮ್ಮ ಅತ್ತಿಗೆ "ಪೇಪರ್ ಏನು ಮರದಲ್ಲಿ ಬಿಡುತ್ತಾ?" ಅಂತ ಬೈದಳು. ಮರದಲ್ಲೇ ಬಿಡೋದು ಅಂದೆ. ಅದಕ್ಕೂ ಬೈದಳು.

ಒಂದು ವಿಷಯ. ಈಚೆಗೆ ಔಷಧಿ ಅಂಗಡಿಯವನ ಹತ್ತಿರ ಹೀಗೇ ಮಾತಾಡುತ್ತಿದ್ದಾಗ ದತ್ತೂರಿ ಗಿಡದ ಮಾತು ಬಂತು. ಅದರ ಎಲೆಯ ರಸ ಕಣ್ಣಿಗೆ ತಾಗಿದರೆ ಪಾಪೆ ದೊಡ್ಡದಾಗಿ ಹಾಗೇ ನಿಂತುಬಿಡುತ್ತದಂತೆ. ಬೆಳಕು ಬಿಟ್ಟರೂ ಕುಗ್ಗುವುದಿಲ್ಲವಂತೆ. ನಾಲ್ಕೈದು ದಿನದಲ್ಲಿ ತಾನಾಗಿ ಸರಿಹೋಗುತ್ತದಂತೆ. ತಟ್ಟನೆ ನಿನ್ನ ನೆನಪಾಯಿತು. ನಮ್ಮ ಹಳೇ ಡಿಪೋದ ಗೋಡೆ ಹಿಂದೆ, ಕೊಳಕು ಆಯಿಲ್ ಸುರಿಯುವ ಗುಂಡಿಯ ಸುತ್ತ ಅದೇ ತಾನೇ ಬೆಳೆದಿತ್ತು? ಬಿಳೀ ಹೂವು, ಮುಳ್ಳು ಮುಳ್ಳು ಕಾಯಿ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಹಾರ್ನ್ ಹೂವು ಅನ್ನುತ್ತಿದ್ದೆವು.

ಆ ಕಡೆ ಹೋದಾಗ ನಿನ್ನ ಕೈಗೆ ತಾಗಿ, ಆ ಕೈಯಲ್ಲಿ ಕಣ್ಣು ಉಜ್ಜಿಕೊಂಡಿರಬೇಕು. ಅಷ್ಟೇ ಆಗಿರುವುದು. ರೋಗವೂ ಅಲ್ಲ, ರುಜಿನವೂ ಅಲ್ಲ. ನೆಮ್ಮದಿಯಾಗಿ ಸಹಿ ಹಾಕು. ಹುಡುಗಿಯನ್ನು ಕಳಿಸು.

ನಿನ್ನ
ಗಡಿಬಿಡಿ


ಜುಲೈ 30

ಗಡಿಬಿಡಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಖುಷಿಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದೆ. ನಿಜವಂತೆ. ತೋಟದ ಕೆಲಸದವರಿಗೆ ಒಮ್ಮೊಮ್ಮೆ ಆಗುತ್ತದಂತೆ. "ಆದರೆ ನಿಮಗೆ ಅದೇ ಆಗಿತ್ತು ಅಂತ ನಾನು ಹೇಗೆ ಹೇಳಲಿ? ಆ ಗಿಡ ಮುಟ್ಟಿದ್ರಾ?" ಅಂತ ಕೇಳಿದರು.

ಹನ್ನೊಂದು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ. ನಾನು ಮುಟ್ಟಿರಲಿಲ್ಲ. ಗೋಡೆಯ ಹಿಂದೆ ನಾನು ಕಾಲೇ ಇಡುತ್ತಿರಲಿಲ್ಲ, ಆ ವಾಸನೆಗೆ ನನಗೆ ತಲೆ ಸುತ್ತುತ್ತಿತ್ತು, ನಿನಗೂ ಗೊತ್ತು. ಪರೀಕ್ಷೆಯ ಹಿಂದಿನ ದಿನ ಸಂಜೆ ಗಾಡಿ ತೊಳೆದು ಬಿಟ್ಟೆ. ಬೆಳಿಗ್ಗೆ ಬಂದು ಸಮವಸ್ತ್ರ ಹಾಕಿದೆ. ಕಣ್ಣಿಗೆ ತಾಗಿದ್ದು ನನ್ನ ಒದ್ದೆ ಟವೆಲ್ ಒಂದೇ. ಗಾಡಿ ಹತ್ತುವ ಮುಂಚೆ ಕಣ್ಣು ಒರೆಸಿಕೊಳ್ಳುವ ನನ್ನ ಅಭ್ಯಾಸಕ್ಕೆ ನೀವೆಲ್ಲ ನಗುತ್ತಿದ್ದಿರಿ. ನೀಲಿ ಗೆರೆಯ ತುದಿ ಬಲಗಣ್ಣಿಗೆ, ಖಾಲಿ ತುದಿ ಎಡಗಣ್ಣಿಗೆ. ಆ ವಾರ ಇವಳು ಟವೆಲ್ ಒಗೆಯುವಾಗ "ಇದೇನ್ರೀ ಹಸಿರು ಕಲೆ, ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ" ಅಂದದ್ದು ನಿನ್ನೆ ನೆನಪಾಯಿತು. ಇವಳಿಗೆ ನೆನಪಿಲ್ಲ. ನನಗಿದೆ.

ಡಿಪೋದಲ್ಲಿ ಟವೆಲ್ ತೂಗುತ್ತಿದ್ದ ಮೊಳೆ ನನ್ನ ನಿನ್ನ ಪೆಟ್ಟಿಗೆಗಳ ನಡುವೆ ಇತ್ತು.

ಇರಬೇಕು ಅನ್ನುವುದನ್ನು ನಂಬಿ ನಾನು ಸಹಿ ಹಾಕಲಾರೆ. ಅವಳ ಹಿಂದೆ ಐವತ್ತು ಜನ ಕೂತಿರುತ್ತಾರೆ. ಗಿಡವಲ್ಲದಿದ್ದರೆ ಅದು ರೋಗವೇ. ನಿನಗೆ ಖಚಿತವಾಗಿ ಗೊತ್ತಿದ್ದರೆ ಖಚಿತವಾಗಿ ಬರೆ. ಗೊತ್ತಿಲ್ಲದಿದ್ದರೆ ಅದನ್ನೂ ಬರೆ. ಆಗಸ್ಟ್ 20ಕ್ಕೆ ಮೂರು ವಾರ ಇದೆ.

ನಿಧಾನಿ


ಆಗಸ್ಟ್ 7

ನಿಧಾನಿ,

ಖಚಿತವಾಗಿ ಗೊತ್ತು. ಟವೆಲಿಗೆ ಹಚ್ಚಿದವನು ನಾನು.

ಇಷ್ಟು ಬರೆದು ಅಂಚೆಗೆ ಹಾಕೋಣ ಅಂತ ಎದ್ದೆ. ಆಮೇಲೆ ಕೂತೆ. ನೀನು ಹೇಗೆ, ಏಕೆ, ಯಾವಾಗ ಅಂತ ಎಲ್ಲ ಕೇಳುವವನು. ಕೇಳಿಸಿಕೊಳ್ಳುವ ಧೈರ್ಯ ನನಗಿಲ್ಲ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ.

ಪರೀಕ್ಷೆಗೆ ಹದಿನೈದು ದಿನ ಮುಂಚೆ ಆಯಿಲ್ ಗುಂಡಿಯ ದಾರಿಗೆ ಅಡ್ಡ ಬಂದ ದತ್ತೂರಿ ಗಿಡಗಳನ್ನು ಕಿತ್ತೆ. ಬೆವರು ಒರೆಸಿಕೊಳ್ಳುವಾಗ ಎಡಗಣ್ಣು ಉಜ್ಜಿದೆ. ಒಂದು ಗಂಟೆಯಲ್ಲಿ ಆ ಕಣ್ಣಿಗೆ ಬೆಳಕು ಚುಚ್ಚತೊಡಗಿತು. ಕನ್ನಡಿಯಲ್ಲಿ ನೋಡಿದರೆ ಪಾಪೆ ದೊಡ್ಡ ಗುಂಡಿಯ ಹಾಗಿತ್ತು. ಡಿಪೋದ ದವಾಖಾನೆಗೆ ಓಡಿದೆ. ಅಲ್ಲಿನ ಕಾಂಪೌಂಡರ್ ನೋಡಿ ನಕ್ಕ. "ದತ್ತೂರಿ ಕಣಯ್ಯ. ಐದು ದಿನ ಸುಮ್ನಿರು. ಪರೀಕ್ಷೆ ಹತ್ರ ಆ ಕಡೆ ಸುಳೀಬೇಡ, ಡಾಕ್ಟ್ರು ಅನ್‌ಫಿಟ್ ಅಂತ ಬರೆದುಬಿಡ್ತಾರೆ" ಅಂದ. ನಾನು ಕಪ್ಪು ಕನ್ನಡಕ ಹಾಕಿಕೊಂಡು ಕಣ್ಣು ಬಂದಿದೆ ಅಂತ ಎಲ್ಲರಿಗೂ ಹೇಳಿದೆ. ನೀನು ನಿಮ್ಮ ಮನೆಯಿಂದ ಬಿಸಿನೀರು ತಂದು ಕೊಟ್ಟೆ. ನೆನಪಿದೆಯಾ? ಇಲ್ಲದಿದ್ದರೆ ಒಳ್ಳೆಯದು.

ದೂರದ ರೂಟಿಗೆ ಡ್ರೈವರ್ ಜಾಗ ಒಂದೇ, ಇದ್ದವರು ನಾವಿಬ್ಬರು. ಅದು ನಿನಗೇ ಅಂತ ಗೋಡೆಗೂ ಗೊತ್ತಿತ್ತು. ಕಲಿಸುವ ಮೇಷ್ಟ್ರು ನನ್ನ ಗೇರಿನ ಸದ್ದು ಕೇಳಿದಾಗೆಲ್ಲ "ಅವನ ಹತ್ರ ಹೋಗಿ ಕಲಿ" ಅನ್ನುತ್ತಿದ್ದರು. ಇಡೀ ಸಾಲಿನ ಎದುರಿಗೆ. ನೀನು ತಲೆ ತಗ್ಗಿಸುತ್ತಿದ್ದೆ, ನನಗೆ ನಾಚಿಕೆಯಾಗದಿರಲಿ ಅಂತ. ಆ ತಗ್ಗಿಸಿದ ತಲೆಯನ್ನು ಕಂಡರೇ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಡತನ ಅಲ್ಲ, ಸಂಸಾರದ ಕಷ್ಟ ಅಲ್ಲ. ಬರೀ ಹೊಟ್ಟೆಕಿಚ್ಚು.

ಹಿಂದಿನ ಸಂಜೆ ನಾಲ್ಕು ಎಲೆ ಕಿತ್ತು ಅಂಗೈಯಲ್ಲಿ ಹಿಂಡಿ ನೀಲಿ ಗೆರೆಯ ತುದಿಗೆ ಒತ್ತಿದೆ. ಎರಡೂ ತುದಿಗೆ ಹಚ್ಚುವಷ್ಟು ಧೈರ್ಯ ಇರಲಿಲ್ಲ. ನೀನು ಬೆಳಿಗ್ಗೆ ಬಂದು ಒರೆಸಿಕೊಳ್ಳುವಾಗ ನಾನು ಎರಡು ಮಾರು ದೂರದಲ್ಲಿ ಬೂಟಿನ ದಾರ ಕಟ್ಟುತ್ತಿದ್ದೆ. ಕಟ್ಟಿದ್ದ ದಾರವನ್ನೇ ಬಿಚ್ಚಿ ಮತ್ತೆ ಕಟ್ಟಿದೆ.

ಇಷ್ಟೇ ಆಗಿದ್ದರೆ ಹುಡುಗುಬುದ್ಧಿ ಅಂತ ಹೇಗೋ ಮುಖ ಎತ್ತಬಹುದಿತ್ತು. ಆರು ತಿಂಗಳಾದ ಮೇಲೆ ನೀನು ಬಂದೆಯಲ್ಲ. ಕ್ಯಾಂಟೀನಿನ ಬೆಂಚಿನ ಮೇಲೆ ಕೂತು, "ಕಣ್ಣು ಸರಿಯಾಗಿದೆ ಕಣೋ. ಮತ್ತೆ ಪರೀಕ್ಷೆಗೆ ಹೋಗ್ಲಾ?" ಅಂತ ಕೇಳಿದೆ. ಹೋಗು ಅಂದಿದ್ದರೆ ಮುಗಿಯುತ್ತಿತ್ತು. ನಿನಗೂ ಒಂದು ಗಾಡಿ ಸಿಗುತ್ತಿತ್ತು, ನನ್ನದೇನೂ ಹೋಗುತ್ತಿರಲಿಲ್ಲ. ಆದರೆ ಡಾಕ್ಟರು ಈ ಸಲ ಯಾಕೆ ಏನು ಅಂತ ಕೆದಕಿದರೆ? ಕಾಂಪೌಂಡರ್ ಬಾಯಿ ಬಿಟ್ಟರೆ? ನಾನು ಅನ್ನದ ಮೇಲೆ ಕೈ ಇಟ್ಟುಕೊಂಡು, "ಬೇಡ ಬಿಡೋ. ತುಂಬಿದ ಬಸ್ಸಲ್ಲಿ ಅದು ಮತ್ತೆ ಬಂದ್ರೆ ಏನ್ ಮಾಡ್ತೀಯ?" ಅಂದೆ. ನೀನು ನನ್ನ ಕೈ ಹಿಡಿದುಕೊಂಡು ಅತ್ತೆ. ನಾನು ಅದೇ ಕೈಯಲ್ಲಿ ಊಟ ಮುಗಿಸಿದೆ.

ರಿಟೈರಾಗುವವರೆಗೆ ನಾನು ಓಡಿಸಿದ ಒಂದೊಂದು ಮೈಲಿಯೂ ನಿನ್ನದು. ನನ್ನ ಬೀಳ್ಕೊಡುಗೆಗೆ ನೀನು ರಜೆ ಹಾಕಿ ಬಂದು ಹಾರ ಹಾಕಿದೆ. ನೆಲ ಬಾಯಿ ಬಿಡಲಿ ಅನ್ನಿಸಿತು, ಆದರೂ ಫೋಟೋಗೆ ನಕ್ಕೆ. ನೀನು ಜೂನ್ ಕಾಗದದಲ್ಲಿ ಇನ್ನೊಂದು ಮಗುವಿನ ಮಾತು ಬರೆದಿದ್ದೀಯ. ಅದಕ್ಕೆ ನಾನು ಏನು ಬರೆದರೂ ಸುಳ್ಳಾಗುತ್ತದೆ. ಆಮೇಲೂ ನಿನಗೆ ಅರ್ಧ ಸತ್ಯದ ಕಾಗದ ಬರೆದೆ ನೋಡು. ಅಷ್ಟು ಕೇಳಿದ ಮೇಲೂ ನನ್ನ ಮಾನ ಉಳಿಸಿಕೊಳ್ಳಲು ನೋಡಿದೆ. ನನ್ನ ಮೇಲೆ ನನಗೇ ಅಸಹ್ಯ.

ಕ್ಷಮಿಸು ಅಂತ ಕೇಳುವುದಿಲ್ಲ. ಅದನ್ನೂ ಕೇಳಿ ತೆಗೆದುಕೊಳ್ಳುವ ಯೋಗ್ಯತೆ ನನಗಿಲ್ಲ. ನಿನ್ನ ಕಣ್ಣಿಗೆ ಯಾವತ್ತೂ ಯಾವ ರೋಗವೂ ಇರಲಿಲ್ಲ. ಸಹಿ ಹಾಕು. ಇದು ಕೈ ತಪ್ಪಬಾರದು ಅಂತ ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ.

ಗಡಿಬಿಡಿ


ಆಗಸ್ಟ್ 25

ನಿನ್ನ ಕಾಗದ ಹನ್ನೆರಡನೇ ತಾರೀಕಿಗೆ ಬಂತು. ಹತ್ತೊಂಬತ್ತರವರೆಗೆ ಪೆಟ್ಟಿಗೆಯಲ್ಲಿಟ್ಟಿದ್ದೆ. ಇಪ್ಪತ್ತರ ಬೆಳಿಗ್ಗೆ ಸಹಿ ಹಾಕಿ ಫಾರಂ ಕೊಟ್ಟೆ. ಅವಳು ಪಾಸಾದಳು.

ಅವಳ ಹಿಂದೆಯೇ ನಾನೂ ಒಳಗೆ ಹೋಗಿ, ನನ್ನ ಕಣ್ಣನ್ನೂ ನೋಡಿ ಅಂದೆ. ಡಾಕ್ಟರು ಎರಡೂ ಕಣ್ಣು ನೋಡಿ, "ಈ ವಯಸ್ಸಿಗೆ ಚೆನ್ನಾಗಿದೆ. ಏನು ಕೆಲಸ ಮಾಡ್ತಿದ್ರಿ?" ಅಂದರು. ಸ್ಟೋರಿನಲ್ಲಿದ್ದೆ ಅಂದೆ.

ಮಗಳಿಗೆ ನಾನು ಏನೂ ಹೇಳಿಲ್ಲ. ನಿನ್ನನ್ನು ಉಳಿಸಲಿಕ್ಕೆ ಅಂದುಕೊಳ್ಳಬೇಡ. ಒಬ್ಬನ ಮಾತಿಗೆ ತಲೆಯಾಡಿಸಿ ಇಪ್ಪತ್ತಾರು ವರ್ಷ ಹೆದರಿ ಕೂತೆ, ಅವಳನ್ನೂ ಹೆದರಿಸಿದೆ ಅಂತ ಹೇಳಲು ನನಗೇ ನಾಚಿಕೆ. ಅವರಮ್ಮನಿಗಂತೂ ಮುಖ ಕೊಟ್ಟು ಮಾತಾಡಲು ಆಗುತ್ತಿಲ್ಲ. ಇಂಥದ್ದು ಮಾಡಿದವನು ನೀನು, ತಲೆ ತಗ್ಗಿಸಿ ಓಡಾಡುತ್ತಿರುವವನು ನಾನು.

ನೀನು ಬರೆದ ಮೇಲೆ ನಾನು ಮನಸ್ಸು ಬದಲಾಯಿಸಿದೆ ಅಂತ ಮಾತ್ರ ಅವಳಿಗೆ ಗೊತ್ತು. ನಿನಗೆ ಬರೆಯುತ್ತಾಳೆ. ಉತ್ತರ ಏನು ಬರೆಯುತ್ತೀಯೋ ನಿನಗೆ ಬಿಟ್ಟದ್ದು. ನನಗೆ ಬರೆಯಬೇಡ.


ಸೆಪ್ಟೆಂಬರ್ 10

ಪ್ರೀತಿಯ ಮಾಮ,

ಪಾಸು ಪಾಸು ಪಾಸು! ಅಪ್ಪ ಹೇಳಿರಬಹುದು, ಆದರೂ ನನ್ನ ಕೈಯಾರೆ ಬರೆಯಬೇಕು ಅನ್ನಿಸಿತು. ಮೊದಲ ಕಾಗದ ನೋಡಿ ನಿಮ್ಮನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆ ಅಂದರೆ ಹೇಳಲು ಮುಜುಗರ. ಒಳಗೊಳಗೇ ಅಪ್ಪನಿಗೆ ಬರೆದು ಒಪ್ಪಿಸುತ್ತಿದ್ದೀರಿ ಅಂತ ನನಗೇನು ಗೊತ್ತು? "ನಿಮ್ಮ ಮಾಮನ ಕಾಗದ ಬಂತು, ಅದಕ್ಕೇ ಸಹಿ ಹಾಕಿದೆ" ಅಂದರು ಅಪ್ಪ. ಏನು ಬರೆದಿದ್ದಾರೆ ಅಂದರೆ ಬಾಯಿಯೇ ಬಿಡಲಿಲ್ಲ. ಎಂಥ ಗೆಳೆತನ ಮಾಮ ನಿಮ್ಮದು! ಇಂಥವರೊಬ್ಬರು ಇದ್ದರೆ ಸಾಕು ಅಂತ ಅಮ್ಮನಿಗೂ ಹೇಳಿದೆ.

ಸೆಪ್ಟೆಂಬರ್ 21ರಂದು ಬೆಳಿಗ್ಗೆ ಏಳಕ್ಕೆ ನನ್ನ ಮೊದಲ ಟ್ರಿಪ್. ನಿಮ್ಮ ಊರಿನ ದಾರಿಯಲ್ಲೇ ಬರುತ್ತೇನೆ. ಅಪ್ಪ ಬರಲ್ಲ ಅಂದುಬಿಟ್ಟರು. "ಆ ಗಾಡಿ ಹತ್ತಿದ್ರೆ ನನ್ನ ಕೈಯಲ್ಲಿ ತಡೆಯೋಕಾಗಲ್ಲ" ಅಂದರು. ನನ್ನವರು ಅಂತ ಒಬ್ಬರಾದರೂ ಗಾಡಿಯಲ್ಲಿರಬೇಕಲ್ಲ? ನೀವು ಬನ್ನಿ. ನನ್ನ ಹಿಂದಿನ ಸೀಟು ಖಾಲಿ ಇಟ್ಟಿರಲು ಕಂಡಕ್ಟರಿಗೆ ಈಗಲೇ ಹೇಳಿದ್ದೇನೆ. ಕನ್ನಡಿಯಲ್ಲಿ ನಿಮ್ಮ ಮುಖ ಕಾಣುತ್ತಿದ್ದರೆ ನನಗೆ ಧೈರ್ಯ.

ನಿಮ್ಮ ಡ್ರೈವರ್ ಸೊಸೆ


ಸೆಪ್ಟೆಂಬರ್ 14

ಮಗಳೇ,

ನಿನ್ನ ಕಾಗದವನ್ನು ನಿಮ್ಮತ್ತೆ ಎದುರುಮನೆಗೂ ಒಯ್ದು ಓದಿ ಬಂದಳು. ಆಮೇಲೆ ನನ್ನನ್ನು ನೋಡಿ, "ಯಾಕ್ರೀ, ಹೊಗಳಿದ್ರೂ ಮುಖ ಹೀಗೆ?" ಅಂದಳು. ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳು ಏನೂ ಬೈಯಲಿಲ್ಲ. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಏನೂ ಬೈಯಲಿಲ್ಲ. ಇವತ್ತಿಗೆ ಎರಡು ದಿನವಾಯಿತು.

ನಾನು ಬರುವುದಿಲ್ಲ. ಬರಬಹುದಿತ್ತು. ಒಳ್ಳೆ ಅಂಗಿ ಹಾಕಿ ಆ ಸೀಟಿನಲ್ಲಿ ಕೂತು, ನೀನು ಕನ್ನಡಿಯಲ್ಲಿ ನೋಡಿದಾಗೆಲ್ಲ ನಗಬಹುದಿತ್ತು. ಅಂಥ ನಗು ನನಗೆ ಚೆನ್ನಾಗಿ ಬರುತ್ತದೆ, ಇಪ್ಪತ್ತಾರು ವರ್ಷದ ಅಭ್ಯಾಸ. ನಿಮ್ಮಪ್ಪನೂ ಬಾಯಿ ಬಿಡುತ್ತಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಆಗಸ್ಟಿನಲ್ಲಿ ನಿಮ್ಮಪ್ಪನಿಗೆ ಬರೆದದ್ದನ್ನೇ ನೆನಪು ಮಾಡಿಕೊಂಡು ಮತ್ತೆ ಬರೆದಿದ್ದೇನೆ, ನನಗೆ ಅನುಕೂಲವಾಗುವಂತೆ ಒಂದು ಮಾತನ್ನೂ ತಿದ್ದಿಲ್ಲ. ಅದನ್ನು ಓದು. ಡ್ಯೂಟಿಯ ದಿನ ಓದಬೇಡ, ಮುಂಚೆಯೇ ಓದಿ ಮುಗಿಸು. ಓದಿದ ಮೇಲೆ ಅಪ್ಪನ ಹತ್ತಿರ ಹೋಗು. ಅವನು ನಿನ್ನ ಎದುರು ತಲೆ ತಗ್ಗಿಸಿದರೆ, ತಗ್ಗಿಸಬೇಕಾದವನು ಅವನಲ್ಲ ಅಂತ ಹೇಳು. ನನ್ನ ಮಾತನ್ನು ಅವನು ಇನ್ನು ಕೇಳುವುದಿಲ್ಲ, ನಿನ್ನದನ್ನು ಕೇಳುತ್ತಾನೆ. ಕೈ ಹಿಡಿದು ಕರೆದುಕೊಂಡು ಬಂದು ನಿನ್ನ ಹಿಂದೆ ಕೂರಿಸಿಕೋ.

ಇಪ್ಪತ್ತೊಂದರಂದು ನಿನ್ನ ಗಾಡಿ ನಮ್ಮ ಊರಿನ ಸ್ಟಾಪಿನಲ್ಲಿ ನಿಲ್ಲುವಾಗ ನಾನು ಮನೆಯೊಳಗೆ ಇರುತ್ತೇನೆ. ಹೊರಗೆ ಬಂದು ನೋಡುವ ಆಸೆ ಬಹಳ ಇದೆ. ಬರುವುದಿಲ್ಲ.

ಮಾಮ ಅಂತ ಸಹಿ ಹಾಕಲು ಕೈ ಬರುತ್ತಿಲ್ಲ. ಹೆಸರಿಲ್ಲದೆ ಮುಗಿಸುತ್ತೇನೆ.